ಹಳೆಯ ಪುಸ್ತಕ, ಕಾಗದ, ನೆನಪಿನ ವಸ್ತುಗಳು: ಕಾಸರಗೋಡಿನ ಮನೆಗಳಲ್ಲಿ ಯಾವುದನ್ನು ಇಡುವುದು, ಯಾವುದನ್ನು ಬಿಡುವುದು

ಕಾಸರಗೋಡು, ಮಂಜೇಶ್ವರ ಕಡೆಯ ಹಳೆಯ ಮನೆಗಳಲ್ಲಿ ಪುಸ್ತಕವನ್ನು ಯಾರೂ ಎಸೆಯುವುದಿಲ್ಲ, ಅಟ್ಟಕ್ಕೆ ಏರಿಸುತ್ತಾರೆ. ಅಲ್ಲಿ ಒರಲೆ, ಬೂಸ್ಟು, ಇಲಿ ಮೂರೂ ಸೇರಿ ಕೆಲವೇ ಮಳೆಗಾಲಗಳಲ್ಲಿ ಅದನ್ನು ಮುಗಿಸುತ್ತವೆ, ನಾವು ಮಾತ್ರ ಜೋಪಾನವಾಗಿ ಇಟ್ಟಿದ್ದೇವೆ ಎಂದುಕೊಂಡಿರುತ್ತೇವೆ. ಗಾಳಿಯ ತೇವಾಂಶ ಶೇಕಡಾ 65–70ನ್ನು ದಾಟಿ ಹಾಗೆಯೇ ನಿಂತರೆ ಕಾಗದದ ಮೇಲೆ ಬೂಸ್ಟು ಬೆಳೆಯತೊಡಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಆ ಮಿತಿಗಿಂತ ಕೆಳಗಿಳಿಯುವುದೇ ಅಪರೂಪ. ಹಾಗಿರುವಾಗ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಪುಸ್ತಕ ಉಳಿದಿದೆ ಎಂದು ನಂಬಿಕೊಳ್ಳಲು ಆಧಾರವಿಲ್ಲ. ಉಳಿಯಬೇಕಾದದ್ದು ಉಳಿಯುವ ಜಾಗಕ್ಕೆ ತಲುಪಬೇಕು ಎಂಬ ದೃಷ್ಟಿಯಿಂದ ನೋಡಿದರೆ, ಬಿಟ್ಟುಕೊಡುವ ಕೆಲಸ ಅಷ್ಟು ಕಠಿಣವೆನಿಸುವುದಿಲ್ಲ.

ನಮ್ಮಲ್ಲಿ ಇನ್ನೊಂದು ಅಳುಕೂ ಇದೆ. 1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿದ ಮೇಲೆ, ಮನೆಯೊಳಗಿನ ಕನ್ನಡ ಪುಸ್ತಕ ಬರಿಯ ಪುಸ್ತಕವಾಗಿ ಉಳಿಯಲಿಲ್ಲ. ಮೊಮ್ಮಕ್ಕಳು ಇಂಗ್ಲಿಷ್ ಅಥವಾ ಮಲಯಾಳ ಮಾಧ್ಯಮದಲ್ಲಿ ಓದುವ ಮನೆಯಲ್ಲಂತೂ ಅಜ್ಜನ ಕಪಾಟನ್ನು ಖಾಲಿ ಮಾಡುವುದೆಂದರೆ ಭಾಷೆಯನ್ನೇ ಹೊರಗೆ ಹಾಕಿದಂತೆ ಎಂದು ಹಿರಿಯರಿಗೆ ಅನ್ನಿಸುತ್ತದೆ. ಈ ಭಾವನೆಯನ್ನು ತಮಾಷೆ ಮಾಡಬಾರದು. ಆದರೆ ಅದರ ಹೆಸರಿನಲ್ಲಿ ಎಲ್ಲವನ್ನೂ ಇಟ್ಟುಕೊಂಡರೆ, ನಿಜವಾಗಿ ಅಪರೂಪವಾದ ನಾಲ್ಕು ಕಾಗದಗಳು ಎಲ್ಲೆಡೆ ಸಿಗುವ ನಾನೂರು ಪುಸ್ತಕಗಳ ಅಡಿಯಲ್ಲಿ ಕೊಳೆತುಹೋಗುತ್ತವೆ.

ಯಾವಾಗ, ಎಲ್ಲಿಂದ ಆರಂಭಿಸುವುದು

ತೋಟದ ಕೆಲಸ ಕಡಿಮೆಯಿರುವ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್‌ನ ಮಳೆಗಾಲದಲ್ಲಿ) ಅಟ್ಟ ಗುಡಿಸುವ ಹುಮ್ಮಸ್ಸು ಹಲವರಿಗೆ ಬರುತ್ತದೆ. ಆದರೆ ಈ ಕೆಲಸಕ್ಕೆ ಅದರಷ್ಟು ಕೆಟ್ಟ ಕಾಲ ಬೇರೆ ಇಲ್ಲ. ತೇವ ಹೀರಿದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಬಿಡಿಸಹೋದರೆ ಹರಿಯುತ್ತವೆ, ಹೊರಗೆ ಹರಡಲು ಒಣ ಜಾಗವೂ ಸಿಗುವುದಿಲ್ಲ. ಅಕ್ಟೋಬರ್–ನವೆಂಬರ್‌ನ ತುಲಾ ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ ಮಾಡುವುದೇ ಸರಿ. ಅಡಿಕೆ ಒಣಗಿಸುವ ಅಂಗಳದ ಒಂದು ಮೂಲೆ, ನೆರಳಿರುವ ಕಡೆ, ಈ ಕೆಲಸಕ್ಕೆ ಸಾಕು.

ಮೊದಲ ದಿನವೇ ಫೋಟೊ, ಪತ್ರಗಳ ಪೆಟ್ಟಿಗೆಯನ್ನು ತೆರೆಯಬೇಡಿ. ತೆರೆದರೆ ಆ ದಿನ ಓದಿನಲ್ಲೇ ಕಳೆಯುತ್ತದೆ. ಹಳೆಯ ದಿನಪತ್ರಿಕೆ, ಅವಧಿ ಮುಗಿದ ಖಾತರಿ ಕಾರ್ಡು, ಕರೆಂಟ್ ಬಿಲ್ಲು, ಪ್ರವೇಶ ಪರೀಕ್ಷೆಯ ಗೈಡುಗಳು, ಹಿಂದಿನ ವರ್ಷಗಳ ಟೆಲಿಫೋನ್ ಡೈರೆಕ್ಟರಿ ಮುಂತಾದ, ಯಾರ ಮನಸ್ಸೂ ನೋಯದ ವಸ್ತುಗಳಿಂದ ಆರಂಭಿಸಿದರೆ ಅರ್ಧ ಅಟ್ಟ ಸುಲಭವಾಗಿ ಖಾಲಿಯಾಗುತ್ತದೆ ಮತ್ತು ಕೈಗೆ ಅಭ್ಯಾಸವಾಗುತ್ತದೆ.

ಕೇಳಬೇಕಾದ ಪ್ರಶ್ನೆ

ಪುಸ್ತಕವನ್ನು ಕೈಗೆತ್ತಿಕೊಂಡಾಗ ‘ಇದು ನನಗೆ ಇಷ್ಟವೇ’ ಎಂದು ಕೇಳಿಕೊಂಡರೆ ಏನನ್ನೂ ಬಿಡಲಾಗುವುದಿಲ್ಲ, ಏಕೆಂದರೆ ಎಲ್ಲವೂ ಇಷ್ಟವೇ. ‘ನಾಳೆ ಬೇಕೆಂದರೆ ಇದು ಬೇರೆ ಎಲ್ಲಿಯಾದರೂ ಸಿಗುತ್ತದೆಯೇ’ ಎಂದು ಕೇಳಿಕೊಳ್ಳಿ. ಸಿಗುವುದಾದರೆ, ನೀವು ನಿಜವಾಗಿಯೂ ಮತ್ತೆ ಮತ್ತೆ ತೆರೆಯುವ ಪುಸ್ತಕಗಳ ಹೊರತು ಉಳಿದವನ್ನು ನಿಶ್ಚಿಂತೆಯಿಂದ ಕೊಡಬಹುದು. ಸಿಗದಿದ್ದರೆ, ಅದು ಎಷ್ಟೇ ಹರಕಾಗಿದ್ದರೂ ಬದಿಗಿಡಿ.

ಹೀಗೆ ನೋಡಿದಾಗ ಬೆಲೆಯ ಲೆಕ್ಕ ತಲೆಕೆಳಗಾಗುತ್ತದೆ. ಬಂಗಾರದ ಅಕ್ಷರದ ರಟ್ಟು ಹಾಕಿದ ಮಹಾಭಾರತದ ಸಂಪುಟಗಳು, ನಿಘಂಟುಗಳು, ಹಲವು ಮುದ್ರಣ ಕಂಡ ಕಾದಂಬರಿಗಳು, ವರ್ಷವಾರು ಕಟ್ಟಿಟ್ಟ ಜನಪ್ರಿಯ ವಾರಪತ್ರಿಕೆಗಳು ಕಪಾಟಿನಲ್ಲಿ ಗಂಭೀರವಾಗಿ ಕಾಣುತ್ತವೆ. ಆದರೆ ಅವು ಮೈಸೂರಿನಲ್ಲೂ ಇವೆ, ಮಂಗಳೂರಿನಲ್ಲೂ ಇವೆ, ಎಷ್ಟೋ ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿಯೂ ಸಿಗುತ್ತವೆ. ಅವುಗಳ ನಡುವೆ ಸಿಕ್ಕಿಕೊಂಡ, ಒಂದೇ ಹಾಳೆಯ ಯಕ್ಷಗಾನ ಬಯಲಾಟದ ಕರಪತ್ರ, ಊರಿನ ಭಜನಾ ಮಂಡಳಿಯ ವರದಿ, ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ, ಸಹಕಾರಿ ಸಂಘದ ಮಹಾಸಭೆಯ ನೋಟೀಸು, ಮುಚ್ಚಿಹೋದ ಶಾಲೆಯ ಕೈಬರಹದ ಪತ್ರಿಕೆ ಇವುಗಳ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲದಿರಬಹುದು.

ಗಡಿಯ ಈ ಬದಿಗೆ ವಿಶೇಷವಾದ ಕೆಲವು ವರ್ಗಗಳಿವೆ. ಮೊದಲನೆಯದು ಏಕೀಕರಣ ಹೋರಾಟದ ಕಾಗದಗಳು. ರಾಜ್ಯ ಪುನರ್ವಿಂಗಡಣೆಯ ಕಾಲದಿಂದ ಹಿಡಿದು, 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರಲ್ಲಿ ಶಿಫಾರಸು ಮಾಡಿದ ದಿನಗಳವರೆಗೆ ಊರೂರಿನಲ್ಲಿ ಹಂಚಿದ ಮನವಿಪತ್ರ, ಸಭೆಯ ಆಮಂತ್ರಣ, ಸಹಿ ಸಂಗ್ರಹದ ಹಾಳೆಗಳು ಅನೇಕ ಮನೆಗಳ ಪೆಟ್ಟಿಗೆಯ ತಳದಲ್ಲಿ ಇನ್ನೂ ಇವೆ. ಎರಡನೆಯದು, ಕೇರಳ ಸರಕಾರ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಮುದ್ರಿಸುತ್ತ ಬಂದ ಪಠ್ಯಪುಸ್ತಕಗಳು. ಒಂದು ಜಿಲ್ಲೆಯ ಒಂದು ಭಾಗದ ಮಕ್ಕಳಿಗಾಗಿ ಅಚ್ಚಾಗುವ ಈ ಪುಸ್ತಕಗಳನ್ನು ಕರ್ನಾಟಕದ ಗ್ರಂಥಾಲಯಗಳು ತರಿಸಿಟ್ಟುಕೊಳ್ಳುವುದು ಅಪರೂಪ, ಮಲಯಾಳದ ಗ್ರಂಥಾಲಯಗಳಲ್ಲಿ ಅವನ್ನು ಕೇಳುವವರೂ ಅಪರೂಪ. 1960–70ರ ದಶಕಗಳ ಪಠ್ಯ ಸಿಕ್ಕಿದರೆ, ಮಕ್ಕಳು ಪೆನ್ಸಿಲಿನಿಂದ ಮೀಸೆ ಬರೆದ ಚಿತ್ರಗಳ ಸಮೇತ ಉಳಿಸಿಕೊಳ್ಳಿ.

ಇನ್ನು ಪಂಚಾಂಗಗಳು. ವರ್ಷ ಕಳೆದ ಪಂಚಾಂಗವನ್ನು ರದ್ದಿಗೆ ಹಾಕುವುದು ಎಲ್ಲರ ರೂಢಿ, ಆದರೆ ಹಳೆಯದನ್ನು ಹಾಕುವ ಮುನ್ನ ಪ್ರತಿ ಪುಟವನ್ನೂ ತಿರುವಬೇಕು. ಅಂಚಿನಲ್ಲಿ ಶಾಯಿಯಿಂದ ಬರೆದ ಒಂದು ಸಾಲು ಮಗುವಿನ ಜನನದ ಗಳಿಗೆಯಾಗಿರಬಹುದು, ದನ ಕರು ಹಾಕಿದ ದಿನವಾಗಿರಬಹುದು, ಕೆರೆಯ ನೀರು ಇಳಿದ ಗುರುತಾಗಿರಬಹುದು, ತೆಂಗಿನಕಾಯಿ ಕೊಯ್ದ ಲೆಕ್ಕವಾಗಿರಬಹುದು. ದಿನಚರಿ ಬರೆಯುವ ಅಭ್ಯಾಸವಿಲ್ಲದ ಮನೆಗಳಲ್ಲಿ ಪಂಚಾಂಗದ ಅಂಚೇ ದಿನಚರಿ. ಬರಹವಿರುವ ಪುಟಗಳನ್ನು ಮೊಬೈಲಿನಲ್ಲಿ ಹಗಲು ಬೆಳಕಿನಲ್ಲಿ, ಫ್ಲಾಶ್ ಹಾಕದೆ ತೆಗೆದಿಟ್ಟುಕೊಂಡ ಮೇಲೆ ಬರಹವಿಲ್ಲದವನ್ನು ಯಾವ ಸಂಕೋಚವೂ ಇಲ್ಲದೆ ಬಿಡಬಹುದು.

ಗುಜರಿಗೆ ಹೋಗಬಾರದ ಕಾಗದಗಳು

ಭೂಮಿಯ ಕಾಗದಗಳನ್ನು ಭಾವನೆಯ ಲೆಕ್ಕಕ್ಕೆ ಸೇರಿಸಬೇಡಿ. ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದ ಕನ್ನಡ ಆಧಾರಗಳು (ಜಮೀನಿನ ಪತ್ರಗಳು), ಗೇಣಿಚೀಟಿಗಳು, ಪಾಲುಪಟ್ಟಿ, 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ಕೊನೆಗೊಂಡ ಬಳಿಕ ಲ್ಯಾಂಡ್ ಟ್ರಿಬ್ಯೂನಲ್‌ನಿಂದ ಬಂದ ಪಟ್ಟೆ (ಹಕ್ಕುಪತ್ರ), ತೀರ್ವೆ (ಭೂಕಂದಾಯ) ಕಟ್ಟಿದ ರಶೀದಿ, ಇವು ನಿಮಗೆ ಅರ್ಥವಾಗದಿದ್ದರೂ ಇರಬೇಕು. ಮೂವತ್ತು ವರ್ಷಕ್ಕಿಂತ ಹಳೆಯದಾದ ದಾಖಲೆ, ಅದು ಇರಬೇಕಾದವರ ಕೈಯಿಂದಲೇ ಬಂದರೆ, ಅದರ ಸಹಿ ಮತ್ತು ಬರಹ ನಿಜವಾದದ್ದೆಂದು ನ್ಯಾಯಾಲಯ ಊಹಿಸಿಕೊಳ್ಳಬಹುದು ಎಂಬ ನಿಯಮ ನಮ್ಮ ಸಾಕ್ಷ್ಯ ಕಾನೂನಿನಲ್ಲಿದೆ. ಮೂಲ ಪ್ರತಿ ಮನೆಯಲ್ಲೇ ಇರುವುದಕ್ಕೆ ಇದೊಂದು ಒಳ್ಳೆಯ ಕಾರಣ. ಕೇರಳದಲ್ಲಿ 2022ರಲ್ಲಿ ಆರಂಭವಾದ ಡಿಜಿಟಲ್ ರಿಸರ್ವೆ (ಭೂಮಿಯ ಮರು ಅಳತೆ) ನಡೆಯುವ ಗ್ರಾಮಗಳಲ್ಲಿ ಇಂಥ ಕಾಗದಗಳನ್ನು ಮತ್ತೆ ಹುಡುಕಿ ತೆಗೆಯಬೇಕಾಗುತ್ತದೆ.

ಇವುಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕೆಲವು ನಿಮಿಷಗಳಲ್ಲಿ ಬಿಸಿಮಾಡಿ ಅಂಟಿಸಿಕೊಡುವ ಪ್ಲಾಸ್ಟಿಕ್ಕನ್ನು ಆಮೇಲೆ ಬಿಡಿಸಲಾಗುವುದಿಲ್ಲ, ಒಳಗಿನ ತೇವವೂ ಹೊರಬರುವುದಿಲ್ಲ. ತುಕ್ಕು ಹಿಡಿದ ಗುಂಡುಸೂಜಿ ಮತ್ತು ರಬ್ಬರ್ ಬ್ಯಾಂಡ್ ತೆಗೆದು, ಹರಿದ ಕಡೆ ಸೆಲ್ಲೊ ಟೇಪ್ ಹಚ್ಚದೆ, ಮಡಿಕೆಗಳನ್ನು ಬಿಡಿಸಿ, ದೊಡ್ಡ ಕಾಗದದ ಲಕೋಟೆಯಲ್ಲಿ ಚಪ್ಪಟೆಯಾಗಿಟ್ಟರೆ ಸಾಕು.

ತಾಳೆಗರಿಯ ಕಟ್ಟುಗಳು ಸಿಕ್ಕಿದರೆ ನಿಲ್ಲಿ. ಈ ಭಾಗದ ಮನೆಗಳಲ್ಲಿ ಸಿಗುವ ಎಷ್ಟೋ ಗರಿಗಳು ತುಳು ಲಿಪಿಯಲ್ಲಿವೆ. ಆ ಲಿಪಿ ನೋಡಲು ಮಲಯಾಳವನ್ನು ಹೋಲುವುದರಿಂದ ‘ಯಾವುದೋ ಮಲಯಾಳದ ಮಂತ್ರವಾದ’ ಎಂದು ಹೆದರಿ ಹೊಳೆಗೆ ಬಿಟ್ಟವರಿದ್ದಾರೆ. ದಾರವನ್ನು ಬಿಚ್ಚಬೇಡಿ, ಗರಿಗಳ ಅನುಕ್ರಮ ತಪ್ಪುತ್ತದೆ, ಅಡುಗೆಮನೆಯ ಎಣ್ಣೆ ಸವರಬೇಡಿ, ಬಿಸಿಲಿಗೆ ಇಡಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಧರ್ಮಸ್ಥಳದ ಹಸ್ತಪ್ರತಿ ಸಂಗ್ರಹ, ತಿರುವನಂತಪುರದಲ್ಲಿರುವ ಕೇರಳ ವಿಶ್ವವಿದ್ಯಾಲಯದ ಹಸ್ತಪ್ರತಿ ಗ್ರಂಥಾಲಯ ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಫೋಟೊ ಸಮೇತ ಬರೆದು ಕೇಳಿ. ಬಾಗಿಲಿಗೆ ಬಂದ ಹಳೆಯ ವಸ್ತುಗಳ ವ್ಯಾಪಾರಿಗೆ ಮಾರಲೇಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 75 ವರ್ಷಕ್ಕೆ ಕಡಿಮೆಯಿಲ್ಲದ, ಸಾಹಿತ್ಯಿಕ ಅಥವಾ ಐತಿಹಾಸಿಕ ಮೌಲ್ಯವುಳ್ಳ ಹಸ್ತಪ್ರತಿಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಿಗೆ ಬೇಕು. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಸಾಗಿಸುವಂತೆಯೇ ಇಲ್ಲ.

ತಾಳಮದ್ದಳೆಯ ಹವ್ಯಾಸವಿದ್ದ ಮನೆಯಾದರೆ ಉದ್ದ ಪುಸ್ತಕಗಳಲ್ಲಿ ಬರೆದುಕೊಂಡ ಪ್ರಸಂಗಗಳೂ, ಅರ್ಥ ಹೇಳಲು ಮಾಡಿಕೊಂಡ ಟಿಪ್ಪಣಿಗಳೂ ಇರುತ್ತವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಇವನ್ನು ಅಲಕ್ಷಿಸುವುದು ಶೋಭೆಯಲ್ಲ. ಅಚ್ಚಾದ ಪ್ರಸಂಗಕ್ಕಿಂತ ಅಂಚಿನಲ್ಲಿ ಬರೆದ ರಾಗ ಬದಲಾವಣೆ, ಬಿಟ್ಟ ಪದ್ಯದ ಗುರುತು ಹೆಚ್ಚು ಬೆಲೆಯುಳ್ಳದ್ದು. ಭಾಗವತರಿಗೋ, ಪ್ರಸಂಗಗಳನ್ನು ಸ್ಕ್ಯಾನ್ ಮಾಡುವ ಹವ್ಯಾಸಿಗಳಿಗೋ ಮೊದಲು ತೋರಿಸಿ.

ಬೂಸ್ಟು ಹಿಡಿದದ್ದು, ಹುಳ ತಿಂದದ್ದು

ಅಟ್ಟದಿಂದ ಇಳಿಸಿದ್ದನ್ನು ನೇರವಾಗಿ ಚಾವಡಿಯ ಕಪಾಟಿಗೆ ಸೇರಿಸಿದರೆ ಒಳ್ಳೆಯ ಪುಸ್ತಕಗಳೂ ಕೆಡುತ್ತವೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಪುಸ್ತಕವನ್ನು ಬೀಸಣಿಗೆಯಂತೆ ಬಿಚ್ಚಿ ನೆರಳಿನಲ್ಲಿ ನಿಲ್ಲಿಸಿ. ಚುರುಕು ಬಿಸಿಲು ಬೂಸ್ಟನ್ನು ಒಣಗಿಸುವುದು ನಿಜ, ಆದರೆ ಹಾಳೆಯನ್ನೂ ಹಪ್ಪಳದಂತೆ ಮಾಡುತ್ತದೆ. ಒಣಗಿದ ಬಳಿಕ ಮೆತ್ತನೆಯ ಬ್ರಷ್‌ನಿಂದ, ಬೆನ್ನಿನಿಂದ ಅಂಚಿನ ಕಡೆಗೆ ಗುಡಿಸಬೇಕು. ಒದ್ದೆ ಬಟ್ಟೆಯಿಂದ ಒರೆಸಿದರೆ ಬೂಸ್ಟು ಕಾಗದದೊಳಗೆ ಇಳಿಯುತ್ತದೆ. ಹುಳದ ಅನುಮಾನವಿರುವ, ಆದರೆ ಬಿಡಲಾಗದ ಒಂದೆರಡು ಪುಸ್ತಕಗಳಿದ್ದರೆ, ಚೆನ್ನಾಗಿ ಒಣಗಿದ ಮೇಲೆ ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚದೆ ಬಿಟ್ಟರೆ ಹುಳ, ಮೊಟ್ಟೆ ಸಾಯುತ್ತವೆ. ತಾಳೆಗರಿಗೂ ಫೋಟೊಗಳಿಗೂ ಈ ಪ್ರಯೋಗ ಬೇಡ.

ಕಳೆದ ಶತಮಾನದ ನಡುವಿನ ಅಗ್ಗದ ಪುಸ್ತಕಗಳ ಮರದ ತಿರುಳಿನ ಕಾಗದದಲ್ಲೇ ಆಮ್ಲವಿದೆ. ಅದು ತಾನಾಗಿಯೇ ಹಳದಿಯಾಗಿ ಪುಡಿಯಾಗುತ್ತದೆ. ಮೂಲೆಯನ್ನು ಮಡಿಸಿದೊಡನೆ ತುಂಡಾಗುವ ಪುಸ್ತಕವನ್ನು ಯಾವ ಗ್ರಂಥಾಲಯವೂ ಓದುಗರಿಗೆ ಕೊಡಲಾರದು. ಅದು ಅಪರೂಪದ್ದಾದರೆ ಸ್ಕ್ಯಾನ್ ಮಾಡಿಸಿ, ಅಲ್ಲವಾದರೆ ಬಿಟ್ಟುಬಿಡಿ. ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಡುವ ಮೊದಲು ಹಕ್ಕುಸ್ವಾಮ್ಯ ನೋಡಬೇಕು. ಭಾರತದಲ್ಲಿ ಅದು ಲೇಖಕರ ನಿಧನದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳು ಬದುಕಿದ್ದಾಗ ಪ್ರಕಟವಾದ ಬರಹಗಳು 2024ರ ಜನವರಿ 1ರಿಂದ ಮುಕ್ತವಾಗಿವೆ. 2015ರವರೆಗೆ ನಮ್ಮೊಡನಿದ್ದ ಕಯ್ಯಾರ ಕಿಞ್ಞಣ್ಣ ರೈಗಳ ಬರಹಗಳು ಇನ್ನೂ ಹಲವು ದಶಕ ಮುಕ್ತವಾಗುವುದಿಲ್ಲ.

ಯಾರಿಗೆ ಕೊಡುವುದು

ಗ್ರಂಥಾಲಯಗಳ ವಿಷಯದಲ್ಲಿ ಕೇರಳದಲ್ಲಿರುವವರು ಅದೃಷ್ಟವಂತರು. ಪಿ. ಎನ್. ಪಣಿಕ್ಕರ್ ಅವರ ಕಾಲದಿಂದ ಬೆಳೆದ ಗ್ರಂಥಾಲಯ ಚಳವಳಿಯಿಂದಾಗಿ ಪಂಚಾಯತಿಗೊಂದೆರಡಾದರೂ ವಾಚನಾಲಯಗಳಿವೆ, ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡ ಪುಸ್ತಕ ಇಡುವ ವಾಚನಾಲಯಗಳೂ ಇವೆ. ಹಾಗೆಂದು ಆಟೋದಲ್ಲಿ ಪುಸ್ತಕ ತುಂಬಿಸಿ ಕೊಂಡುಹೋಗಿ ಇಳಿಸಬಾರದು. ಅವರಿಗೂ ಕಪಾಟು ಸೀಮಿತ, ಮಳೆಗಾಲ ಅವರಿಗೂ ಇದೆ. ಬೇಡವೆನ್ನಲು ದಾಕ್ಷಿಣ್ಯಪಟ್ಟು ತೆಗೆದುಕೊಂಡ ಪುಸ್ತಕ ಅಲ್ಲಿಯ ಮೂಲೆಯಲ್ಲಿ ಕೊಳೆಯುತ್ತದೆ. ಹೆಸರು, ಲೇಖಕರು, ಮುದ್ರಣದ ವರ್ಷ ಇರುವ ಪಟ್ಟಿ ಮಾಡಿ, ಬೇಕಾದದ್ದಕ್ಕೆ ಗುರುತು ಹಾಕಿ ಹಿಂದಿರುಗಿಸಲು ಹೇಳಿ. ಪಣಿಕ್ಕರ್ ಅವರು ತೀರಿಕೊಂಡ ಜೂನ್ 19ನ್ನು ವಾಚನ ದಿನವಾಗಿ ಆಚರಿಸುವಾಗ ಶಾಲೆಗಳಲ್ಲಿ ಪುಸ್ತಕ ಸಂಗ್ರಹಿಸುವುದುಂಟು. ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಲು ಅದು ಒಳ್ಳೆಯ ಸಂದರ್ಭ, ಚೀಲ ಮಾತ್ರ ನೆನೆಯದಂತಿರಲಿ.

ಕನ್ನಡ ಮಾಧ್ಯಮ ಶಾಲೆಗಳಿಗೆ ಕೊಡುವಾಗ ಕಥೆ, ಚಿತ್ರಕಥೆ, ವಿಜ್ಞಾನದ ಪುಸ್ತಕಗಳನ್ನಷ್ಟೇ ಆರಿಸಿ; ನಾವು ಓದಲಾಗದ ವೇದಾಂತ ಭಾಷ್ಯವನ್ನು ಐದನೆಯ ತರಗತಿಯವರಿಗೆ ದಾಟಿಸುವುದು ದಾನವಲ್ಲ. ವಿಮರ್ಶೆ, ಶಾಸನ, ಭಾಷಾಶಾಸ್ತ್ರ, ಸ್ಥಳೀಯ ಚರಿತ್ರೆಯ ಪುಸ್ತಕಗಳಿಗೆ ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗದಂತಹ ಕಡೆ ವಿಚಾರಿಸಿ. ಜ್ಯೋತಿಷ್ಯ, ಪೌರೋಹಿತ್ಯ, ಆಯುರ್ವೇದದ ಪುಸ್ತಕಗಳು ಆಯಾ ವೃತ್ತಿಯವರ ಕೈಗೆ ಹೋಗಲಿ. ಒಬ್ಬರಿಗೆ ಒಂದೇ ಪುಸ್ತಕ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಮನೆಗೆ ಬಂದ ಓದುವ ನೆಂಟರನ್ನು ಕಪಾಟಿನ ಮುಂದೆ ನಿಲ್ಲಿಸಿ, ಬೇಕಾದದ್ದನ್ನು ತೆಗೆದುಕೊಂಡು ಹೋಗಿ ಎಂದರೆ, ಆ ಪುಸ್ತಕ ಓದಲ್ಪಡುವ ಸಂಭವ ಗ್ರಂಥಾಲಯಕ್ಕಿಂತ ಹೆಚ್ಚು.

ಪತ್ರ, ಫೋಟೊ, ಕ್ಯಾಸೆಟ್ಟು

ಮುಂಬಯಿ ಹೋಟೆಲಿನಿಂದ, ಕೊಲ್ಲಿಯಿಂದ ಬಂದ ಇನ್‌ಲ್ಯಾಂಡ್ ಮತ್ತು ಏರ್‌ಮೇಲ್ ಪತ್ರಗಳನ್ನು ಬರೆದವರವಾರು ಕಟ್ಟಿ, ಪ್ರತಿ ಕಟ್ಟಿನಿಂದ ಆ ಮನುಷ್ಯರ ದನಿ ಕೇಳಿಸುವ ಕೆಲವನ್ನು ಉಳಿಸಿಕೊಳ್ಳಿ. ‘ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಬರೆಯಿರಿ’ ಎಂಬಷ್ಟೇ ಇರುವವು ಬಚ್ಚಲ ಒಲೆಗೆ ಹೋಗಬಹುದು. ಬರೆದವರು ಬದುಕಿದ್ದರೆ ಅವರಿಗೇ ಹಿಂದಿರುಗಿಸುವುದು ಇನ್ನೂ ಒಳ್ಳೆಯದು. ಸಾಲ, ಜಗಳ, ಕಾಯಿಲೆಯ ಮಾತಿರುವ ಪತ್ರವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬಾರದು ಎಂದು ಬೇರೆ ಹೇಳಬೇಕಾಗಿಲ್ಲ, ಆದರೂ ಹಾಕುತ್ತಾರೆ.

ಫೋಟೊಗಳ ಮಟ್ಟಿಗೆ, ಮನೆಯ ಹಿರಿಯರು ಇರುವಾಗಲೇ ಕೂತು, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ಸಂದರ್ಭ ಬರೆಯುವುದು ಎಲ್ಲಕ್ಕಿಂತ ತುರ್ತಿನ ಕೆಲಸ. ಬಾಲ್ ಪೆನ್ನಿನ ಗೀರು ಮುಂಬದಿಗೆ ಮೂಡುತ್ತದೆ. ಯಾರೆಂದು ಯಾರಿಗೂ ತಿಳಿಯದ ಮದುವೆಯ ಗುಂಪುಚಿತ್ರ, ಒಂದೇ ದೃಶ್ಯದ ನಾಲ್ಕು ಪ್ರತಿ ಬೇಡ. ಅಂಟಿನ ಹಾಳೆಯ ಆಲ್ಬಮ್‌ಗಳಲ್ಲಿರುವವನ್ನು ಬಿಡಿಸಲು ಬರುತ್ತಿದ್ದರೆ ಬಿಡಿಸಿ, ಬಾರದಿದ್ದರೆ ಎಳೆಯದೆ ಹಾಗೆಯೇ ಫೋಟೊ ತೆಗೆದುಕೊಳ್ಳಿ. ಬೂಸ್ಟು ಹಿಡಿದ ತಾಳಮದ್ದಳೆಯ ಕ್ಯಾಸೆಟ್ಟುಗಳನ್ನು ಟೇಪ್ ರೆಕಾರ್ಡರಿಗೆ ಹಾಕಿ ನೋಡಬೇಡಿ, ಟೇಪು ಸುತ್ತಿಕೊಂಡು ತುಂಡಾಗುತ್ತದೆ. ಖಾಸಗಿಯಾಗಿ ಧ್ವನಿಮುದ್ರಿಸಿದ್ದಾದರೆ ಡಿಜಿಟಲ್‌ಗೆ ಇಳಿಸುವವರಿಗೆ ಕೊಡಿ, ಅಂಗಡಿಯಲ್ಲಿ ಕೊಂಡದ್ದಾದರೆ ಬಿಡಿ.

ಶಾಲು, ಸ್ಮರಣಿಕೆ, ದೇವರ ಪಟ

ಸಾರ್ವಜನಿಕ ಜೀವನದಲ್ಲಿದ್ದ ಒಬ್ಬರು ಮನೆಯಲ್ಲಿದ್ದರೆ ಸನ್ಮಾನದ ಶಾಲುಗಳೇ ಒಂದು ಗೋದ್ರೇಜ್ ಕಪಾಟನ್ನು ತುಂಬಿರುತ್ತವೆ. ಮನೆಯಲ್ಲಿ ಅವುಗಳಿಗೆ ಬಳಕೆ ಇಲ್ಲ, ಏಕೆಂದರೆ ಯಾರೂ ಅವನ್ನು ಹೊದೆಯುವುದಿಲ್ಲ. ಬೇರೊಬ್ಬರಿಗೆ ಹೊದಿಸಲು ಸಂಘಸಂಸ್ಥೆಗಳಿಗೆ ಕೊಡುವುದೊಂದೇ ದಾರಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸ್ಮರಣಿಕೆಗಳಲ್ಲಿ ಹೆಸರು, ದಿನಾಂಕ ಕೆತ್ತಿದ ತಗಡನ್ನು ಬಿಚ್ಚಿಟ್ಟುಕೊಂಡು, ಗಾಜು ಮತ್ತು ಪ್ಲಾಸ್ಟಿಕ್ಕಿನ ಮೈಯನ್ನು ಒಣ ಕಸ ಒಯ್ಯಲು ಮನೆಮನೆಗೆ ಬರುವ ಹರಿತ ಕರ್ಮ ಸೇನೆಯವರಿಗೆ ಬೇರೆ ಬೇರೆಯಾಗಿ ಕಟ್ಟಿ ಕೊಡಿ. ಗಾಜನ್ನು ಯಾವಾಗ ಒಯ್ಯುತ್ತಾರೆಂದು ಮೊದಲೇ ಕೇಳಿಕೊಳ್ಳಿ.

ದೇವರ ಪಟಗಳನ್ನೂ ಹರಿದ ಧಾರ್ಮಿಕ ಪುಸ್ತಕಗಳನ್ನೂ ಅಶ್ವತ್ಥಕಟ್ಟೆಯಲ್ಲಿ ಇಟ್ಟುಬರುವುದು ಸಾಮಾನ್ಯ. ಅಲ್ಲಿ ಅವು ಮಳೆಗೆ ನೆಂದು, ಗಾಜು ಒಡೆದು, ಬರಿಗಾಲಿನಲ್ಲಿ ಪ್ರದಕ್ಷಿಣೆ ಬರುವವರಿಗೆ ಚುಚ್ಚುತ್ತವೆ. ಪಯಸ್ವಿನಿಗೋ ಶಿರಿಯ ಹೊಳೆಗೋ ಬಿಟ್ಟರೂ ಪ್ಲಾಸ್ಟಿಕ್ ಕರಗುವುದಿಲ್ಲ. ಕೈಮುಗಿದು, ಚೌಕಟ್ಟು ಮತ್ತು ಗಾಜನ್ನು ಬೇರ್ಪಡಿಸಿ, ಬರಿಯ ಕಾಗದವನ್ನು ತೆಂಗಿನ ಬುಡದಲ್ಲಿ ಯಾರೂ ತುಳಿಯದ ಕಡೆ ಮಣ್ಣು ಮಾಡುವುದು ಇದಕ್ಕಿಂತ ಗೌರವದ ಕ್ರಮ. ಮನೆಯ ಪುರೋಹಿತರನ್ನು ಒಮ್ಮೆ ಕೇಳಿಕೊಂಡರೆ ಹಿರಿಯರ ಮನಸ್ಸಿಗೂ ಸಮಾಧಾನ.

ಹಿತ್ತಾಳೆಯ ಹಂಡೆ, ಭರಣಿ, ಮರದ ಮರಿಗೆ, ಜರಿ ಸೀರೆಗಳನ್ನು ತೂಕಕ್ಕೆ ಕೇಳುವವರು ಬಂದಾಗ ಅಂದೇ ಬೆಲೆ ಕುದುರಿಸಬೇಡಿ. ಹಳೆಯ ಜರಿಯಲ್ಲಿ ಬೆಳ್ಳಿ ಇರುವುದುಂಟು. ಪೇಟೆಯಲ್ಲಿ ವಿಚಾರಿಸಿದ ಮೇಲೆಯೇ ಮಾತು.

ಮನೆಯವರ ಒಪ್ಪಿಗೆ, ಗುಜರಿಯ ದಿನ

ಪಾಲಾಗದ ಮನೆಯಲ್ಲಿ ಒಬ್ಬರೇ ತೀರ್ಮಾನಿಸಿದರೆ, ಇಪ್ಪತ್ತು ವರ್ಷ ಕೇಳದ ಪುಸ್ತಕವನ್ನು ಬೆಂಗಳೂರಿನ ಅಣ್ಣ ಮರುದಿನವೇ ಕೇಳುತ್ತಾನೆ. ಬಿಡಲಿರುವವುಗಳ ಬೆನ್ನು ಕಾಣುವಂತೆ ಜೋಡಿಸಿ ಫೋಟೊ ತೆಗೆದು ಎಲ್ಲರಿಗೂ ಕಳಿಸಿ, ಬೇಕಾದವರು ಇಂಥ ದಿನಾಂಕದೊಳಗೆ ಹೇಳಿ ತಾವೇ ಬಂದು ಒಯ್ಯಬೇಕು ಎಂದು ಬರೆಯಿರಿ. ‘ಅಲ್ಲೇ ಇರಲಿ, ಮತ್ತೆ ನೋಡುವ’ ಎಂಬ ಉತ್ತರವನ್ನು ಬೇಡ ಎಂದೇ ತಿಳಿಯಬೇಕು, ಅದನ್ನೂ ಮೊದಲೇ ಬರೆದಿಡಿ. ಹಿರಿಯರೊಡನೆ ಮಾತ್ರ ದಿನಾಂಕದ ಮಾತು ಬೇಡ. ಅವರ ಎದುರಿನಲ್ಲೇ, ಅವರು ಹೇಳುವ ಕಥೆಯನ್ನು ಕೇಳುತ್ತ, ದಿನಕ್ಕೆ ಒಂದು ಸಾಲು ಕಪಾಟು ಮುಗಿಸುವುದೇ ವೇಗ.

ಗುಜರಿಗೆ ಕಟ್ಟುವ ಮುನ್ನ ಪ್ರತಿ ಪುಸ್ತಕವನ್ನೂ ಬೆನ್ನು ಹಿಡಿದು ತಲೆಕೆಳಗಾಗಿ ಅಲ್ಲಾಡಿಸಿ. ನೋಟು, ಜಾತಕದ ಚೀಟಿ, ಬ್ಯಾಂಕಿನ ಠೇವಣಿ ರಶೀದಿ, ಎಸ್‌ಎಸ್‌ಎಲ್‌ಸಿ ಪುಸ್ತಕ ಬೀಳುವುದು ಇಲ್ಲಿಯೇ. ವಿಳಾಸ, ಫೋನ್ ನಂಬರು, ಖಾತೆಯ ವಿವರವಿರುವ ಹಾಳೆಗಳನ್ನು ಹರಿದು ತೆಗೆಯಿರಿ. ಲೇಖಕರು ಸ್ವತಃ ಸಹಿ ಮಾಡಿ ಕೊಟ್ಟ ಪ್ರತಿಯಾದರೆ ಆ ಪುಟವನ್ನು ಬೇರೆ ತೆಗೆದಿಟ್ಟುಕೊಳ್ಳಬಹುದು, ತೂಕಕ್ಕೆ ಹಾಕಿದ ಪುಸ್ತಕ ಎಲ್ಲಿ ಯಾರ ಕಣ್ಣಿಗೆ ಬೀಳುತ್ತದೆಂದು ಹೇಳಲಾಗದು. ರಟ್ಟು, ನ್ಯೂಸ್‌ಪ್ರಿಂಟ್, ಬಿಳಿ ಕಾಗದಗಳಿಗೆ ದರ ಬೇರೆ ಬೇರೆಯಿರುವುದರಿಂದ ಬೇರ್ಪಡಿಸಿ ಕಟ್ಟಿ. ಗುಜರಿಯವರಿಗೆ ಬರಹೇಳಿದ ದಿನವೇ ಕಟ್ಟು ಕಟ್ಟಿ, ಅಂದೇ ಸಾಗಿಸಿ. ಒಂದು ರಾತ್ರಿ ಜಗಲಿಯಲ್ಲಿ ಉಳಿದ ಚೀಲದಿಂದ ಬೆಳಗಾಗುವಷ್ಟರಲ್ಲಿ ಅರ್ಧದಷ್ಟು ಪುಸ್ತಕ ಯಾರದೋ ಕೈಯಲ್ಲಿ ಒಳಗೆ ಬಂದಿರುತ್ತದೆ.